ಉಪದೇಶಿ ಕಟಕಟೆ ದಾಟಿದ ಭಾನುವಾರ

ಅಪ್ಪ ದೇವಾಲಯದ ಕಟಕಟೆಯ ಗಿಡ್ಡ ಬಾಗಿಲು ತಳ್ಳಿ ಒಳಗೆ ಹೋದರು. ಆ ಭಾನುವಾರದ ಬಗ್ಗೆ ನಾನು ಆಣೆ ಮಾಡಿ ಹೇಳಬಹುದಾದದ್ದು ಇದೊಂದೇ. ಉಳಿದದ್ದನ್ನು ಹಲವು ಸಲ ಹೇಳಿದ್ದೇನೆ. ಒಮ್ಮೆ ಮೂವರು ಹಿರಿಯರ ಎದುರು ಕುಳಿತು ಹೇಳಿದ್ದೇನೆ. ಹಾಗೆ ಹೇಳಿದ ಮೇಲೆ, ನಡೆದದ್ದು ಯಾವುದು ನಾನು ಹೇಳಿದ್ದು ಯಾವುದು ಎಂಬುದು ಬೇರೆಬೇರೆಯಾಗಿ ಉಳಿದಿಲ್ಲ.

ಎಪ್ಪತ್ತರ ದಶಕದ ಕೊನೆ. ಎಪ್ಪತ್ತೆಂಟು ಎಂದು ಮೊದಲು ಬರೆದು ಹೊಡೆದುಹಾಕಿದೆ; ಎಪ್ಪತ್ತೊಂಬತ್ತೂ ಇರಬಹುದು. ನನಗೆ ಇಪ್ಪತ್ತೆರಡು ವರ್ಷ. ಗಂಗಾನಗರದ ಒಂದು ಸಣ್ಣ ಶಾಲೆಯಲ್ಲಿ ಟೀಚರ್ ಕೆಲಸ. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ರಸ್ತೆಯಲ್ಲಿ, ಜಕ್ಕೂರಿಗೆ ತಿರುಗುವುದಕ್ಕೆ ಸ್ವಲ್ಪ ಮೊದಲು, ನಮ್ಮ ಕ್ರೈಸ್ತ ಸಭೆಯ ಹೆಂಚಿನ ದೇವಾಲಯ ಇತ್ತು. ಅದರ ಮಗ್ಗುಲಿಗೆ ಎರಡು ಕೋಣೆಯ ಮನೆ, ಮನೆಯ ಹಿಂದೆ ಬಾವಿ. ಅಪ್ಪ ಆ ಸಭೆಯ ಉಪದೇಶಿ.

ಉಪದೇಶಿ ಎಂದರೆ ಎಲ್ಲವನ್ನೂ ಮಾಡುವವನು, ಎರಡನ್ನು ಬಿಟ್ಟು. ಬೆಳಿಗ್ಗೆ ಗಂಟೆ ಹೊಡೆಯುವುದು, ಪ್ರಸಂಗ ಮಾಡುವುದು, ಕಾಯಿಲೆಯವರ ಮನೆಗೆ ಸೈಕಲ್ಲಿನಲ್ಲಿ ಹೋಗಿ ಪ್ರಾರ್ಥಿಸುವುದು, ಗಂಡ ಹೆಂಡಿರ ಜಗಳ ಬಿಡಿಸುವುದು, ಮಕ್ಕಳಿಗೆ ಪಾಠ ಹೇಳುವುದು, ಇವೆಲ್ಲ ಅವನದು. ದೀಕ್ಷಾಸ್ನಾನ ಕೊಡುವುದು ಮತ್ತು ಕರ್ತನ ಭೋಜನದ ರೊಟ್ಟಿ ಮುರಿಯುವುದು ಅವನದಲ್ಲ. ಅದಕ್ಕೆ ಬಿಷಪ್ಪರ ಕೈ ತಲೆಯ ಮೇಲೆ ಬಿದ್ದಿರಬೇಕು. ಕೈ ಬಿದ್ದವರು ಸಭಾಪಾಲಕರು. ಅವರು ಊರೊಳಗಿನ ತಾಯಿಸಭೆಯಲ್ಲಿ ಇರುತ್ತಿದ್ದರು. ಅವರ ಕೆಳಗೆ ನಮ್ಮದೂ ಸೇರಿ ಮೂರು ಉಪಸಭೆಗಳು, ಮೂರಕ್ಕೂ ಒಬ್ಬೊಬ್ಬ ಉಪದೇಶಿ. ಸಭಾಪಾಲಕರ ಮೇಲೆ ಸಮಿತಿ, ಸಮಿತಿಯ ಮೇಲೆ ಡಯಾಸಿಸ್ ಎಂಬ ಸಭಾಪ್ರಾಂತ, ಅದರ ಮೇಲೆ ಬಿಷಪ್ಪರು. ಬಿಳಿಯರ ಮಿಷನ್ನು ಹೊರಟುಹೋಗುವಾಗ ತನ್ನ ಆಸ್ತಿಯನ್ನೆಲ್ಲ ಸಭಾಪ್ರಾಂತಕ್ಕೆ ಬರೆದುಕೊಟ್ಟಿತ್ತು. ಬೆಂಚು, ಗಂಟೆ, ಬಾವಿ, ಉಪದೇಶಿ ಎಂದು ಪಟ್ಟಿಯಲ್ಲಿ ಬರೆದಿದ್ದರಂತೆ. ಇದು ಅಪ್ಪನ ತಮಾಷೆ. ಆ ಪಟ್ಟಿಯನ್ನು ನಾನು ನೋಡಿಲ್ಲ.

ಈ ಏಣಿಯನ್ನು ನಾವು ಯಾರೂ ಕಲಿಯಬೇಕಾಗಿರಲಿಲ್ಲ, ಕಟ್ಟಡವೇ ಕಲಿಸುತ್ತಿತ್ತು. ದೇವಾಲಯದ ಮುಂಭಾಗದಲ್ಲಿ ಮೊಣಕಾಲೆತ್ತರದ ಮರದ ಕಟಕಟೆ. ಆಚೆ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ. ಅಪ್ಪ ಈಚೆಗೆ ನಿಂತು ಆರಾಧನೆ ನಡೆಸುತ್ತಿದ್ದರು. ಶನಿವಾರ ಪೊರಕೆ ಹಿಡಿದು ಒಳಗೆ ಹೋಗಬಹುದಿತ್ತು, ಭಾನುವಾರ ಹೋಗುವಂತಿರಲಿಲ್ಲ. ಬದಿಯ ಕೋಣೆಯಲ್ಲಿ ಬೆತ್ತದ ಕುರ್ಚಿಯೊಂದಿತ್ತು. ಅದು ಸಭಾಪಾಲಕರದು. ತಿಂಗಳಿಗೊಮ್ಮೆ ಅವರು ಬಂದು ಕೂರುತ್ತಿದ್ದರು. ಉಳಿದ ದಿನಗಳಲ್ಲಿ ಅದರ ಮೇಲೆ ಅಪ್ಪ ತಮ್ಮ ಕೊಡೆ ಇಡುತ್ತಿದ್ದರು, ಕೂರುತ್ತಿರಲಿಲ್ಲ. ಸಭಾಪಾಲಕರ ಹೆಂಡತಿಯನ್ನು ಜನ ಅಮ್ಮನವರೇ ಎನ್ನುತ್ತಿದ್ದರು. ನನ್ನ ಅಮ್ಮನನ್ನು ಅಕ್ಕ ಎನ್ನುತ್ತಿದ್ದರು. ಅಮ್ಮ ಅದನ್ನು ಯಾವಾಗಲೂ ಗಮನಿಸುತ್ತಿದ್ದಳು.

ಅಪ್ಪನಿಗೂ ಬಿಷಪ್ಪರು ಕೈಯಿಡುವ ಗುರುದೀಕ್ಷೆ ಆಗುವುದಿತ್ತು. ಥಿಯಾಲಜಿ ಓದಿ ಡಿಗ್ರಿ ತಂದವರಿಗೆ ಮಾತ್ರ ಎಂಬ ನಿಯಮವನ್ನು ಸ್ವಲ್ಪ ಸಡಿಲಿಸಿ, ಬಹಳ ವರ್ಷ ದುಡಿದ ಉಪದೇಶಿಗಳನ್ನೂ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಅಪ್ಪ ಆರು ತಿಂಗಳ ತರಬೇತಿಗೆ ಹೋಗಿ ಬಂದಿದ್ದರು. ಸಂದರ್ಶನವೂ ಮುಗಿದಿತ್ತು. ಪಟ್ಟಿಯಲ್ಲಿ ಹೆಸರಿದೆ, ಮುಂದಿನ ವರ್ಷದೊಳಗೆ ಆಗುತ್ತದೆ ಎಂದು ಸುದ್ದಿ. ಅವರಿಗೆ ಆಗ ಐವತ್ತೊಂದು. ಈ ಸಲ ತಪ್ಪಿದರೆ ಮತ್ತೆ ಇಲ್ಲ. ನಮ್ಮ ಮನೆಯಲ್ಲಿ ಆ ವರ್ಷ ಯಾವ ಮಾತು ಎತ್ತಿದರೂ ಅದು ಸುತ್ತಿ ಬಂದು ಅಲ್ಲೇ ನಿಲ್ಲುತ್ತಿತ್ತು. ಅಮ್ಮನಿಗೆ ಸಭಾಪಾಲಕರ ಮನೆಗಳಲ್ಲಿ ಅಡಿಗೆಮನೆಯೊಳಗೇ ನಲ್ಲಿ ಇರುತ್ತದೆ ಎಂಬುದು ಗೊತ್ತಿತ್ತು. ನನಗೆ ಏನನ್ನಿಸುತ್ತಿತ್ತು ಎಂದು ಕೇಳಿದರೆ, ನೆನಪಿಲ್ಲ. ಆಗಲಿ ಎಂದಿರಬೇಕು.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಶನಿವಾರ ಸಾಯಂಕಾಲ ನಾನು ಯಲಹಂಕದ ಬೇಕರಿಯಿಂದ ಬ್ರೆಡ್ಡು ತಂದು, ಕಂದು ಅಂಚು ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಚೌಕಗಳಾಗಿ ಹೆಚ್ಚುತ್ತಿದ್ದೆ. ಒಂದು ಹೋಳನ್ನು ಮಾತ್ರ ಇಡಿಯಾಗಿ ಬಿಡಬೇಕು, ಸಭಾಪಾಲಕರು ಮುರಿಯುವುದಕ್ಕೆ. ಅಮ್ಮ ಒಣದ್ರಾಕ್ಷಿ ಬೇಯಿಸಿ ಹಿಂಡಿ ರಸ ತೆಗೆಯುತ್ತಿದ್ದಳು. ಬಟ್ಟಲು, ತಟ್ಟೆ ಎಲ್ಲವನ್ನೂ ಅಪ್ಪ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ನಮ್ಮ ಅಡಿಗೆಮನೆಯಲ್ಲಿ ಮಾಡಿದ ಬ್ರೆಡ್ಡು, ರಸ. ಅಪ್ಪ ಬೆಳಗಿದ ತಟ್ಟೆ. ಅದರ ಮೇಲೆ ಸಭಾಪಾಲಕರು ಕೈಯಿಟ್ಟು ಆ ಮಾತುಗಳನ್ನು ಹೇಳಬೇಕು. ಕೊನೆಯ ರಾತ್ರಿಯ ಊಟದಲ್ಲಿ ಕರ್ತನು ಹೇಳಿದ ಮಾತುಗಳು. ಅವನ್ನು ಹೇಳಿದ ಮೇಲೆ ಅದು ಭೋಜನ. ಹೇಳುವ ತನಕ ಬ್ರೆಡ್ಡು.

ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಆಗಿನ ಸಭಾಪಾಲಕರು ಸ್ಕೂಟರಿನಲ್ಲಿ ಬರುತ್ತಿದ್ದರು. ಆ ಹಿಂದಿನ ಎರಡು ತಿಂಗಳು ಬಂದಿರಲಿಲ್ಲ. ಒಂದು ಸಲ ಸಭಾಪ್ರಾಂತದ ಚುನಾವಣೆಯ ಓಡಾಟ, ಇನ್ನೊಂದು ಸಲ ಯಾರದೋ ಮದುವೆ. ಹಾಗಾಗಿ ನಮ್ಮ ಸಭೆಯಲ್ಲಿ ಮೂರು ತಿಂಗಳಿಂದ ಭೋಜನ ಆಗಿರಲಿಲ್ಲ. ಆ ಭಾನುವಾರ ಜನ ಹೆಚ್ಚು ಬಂದಿದ್ದರು. ಜಕ್ಕೂರಿನ ಹಳೆಯ ಮನೆತನದ ಒಬ್ಬ ಅಜ್ಜಿಯನ್ನು ಅವಳ ಮಗ ಸೈಕಲ್ ಕ್ಯಾರಿಯರಿನ ಮೇಲೆ ಕೂರಿಸಿ, ದುಪ್ಪಟಿಯಿಂದ ತನ್ನ ಬೆನ್ನಿಗೆ ಕಟ್ಟಿಕೊಂಡು ತಂದಿದ್ದ. ಸೊಸೆ ಹಿಂದೆ ನಡೆದು ಬಂದಿದ್ದಳು. ಅಜ್ಜಿಗೆ ಹೊಟ್ಟೆಯಲ್ಲಿ ಗಡ್ಡೆ. ಅದು ಎಲ್ಲರಿಗೂ ಗೊತ್ತಿತ್ತು, ಅಜ್ಜಿಗೂ.

ಒಂಬತ್ತಕ್ಕೆ ಆರಾಧನೆ ಶುರುವಾಯಿತು. ಹತ್ತೂವರೆಗೆ ಅಪ್ಪನ ಪ್ರಸಂಗ ಮುಗಿಯಿತು. ಸ್ಕೂಟರಿನ ಸದ್ದಿಲ್ಲ. ಒಂದು ಕೀರ್ತನೆ ಹಾಡಿದೆವು, ಇನ್ನೊಂದು ಹಾಡಿದೆವು. ನಾನು ಹಾರ್ಮೋನಿಯಂ ನುಡಿಸುತ್ತಿದ್ದೆ, ಕಂಬದ ಪಕ್ಕ, ಸಭೆಗೆ ಅರ್ಧ ಬೆನ್ನು ಹಾಕಿ. ಹಾರಾಟ ಕಲಿಯುವವರ ಸಣ್ಣ ವಿಮಾನ ಹೆಂಚಿನ ಮೇಲೆ ಎರಡು ಸಲ ಸುತ್ತು ಹಾಕಿತು. ಮಧ್ಯಾಹ್ನದ ಶಿಫ್ಟಿಗೆ ಹೋಗಬೇಕಾದ ಇಬ್ಬರು ಎದ್ದು ಹೋದರು. ಅಜ್ಜಿ ಸೊಸೆಯನ್ನು ಕೇಳುತ್ತಲೇ ಇದ್ದಳು, ಅಯ್ಯನೋರು ಬಂದ್ರಾ, ಬಂದ್ರಾ ಎಂದು. ಅವಳು ಬೇರೇನನ್ನೂ ಕೇಳಲಿಲ್ಲ. ಉಪದೇಶಿಯೇ ಕೊಡಲಿ ಎಂದು ಯಾರೂ ಹೇಳಲಿಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದೆ ಹಲವರು ತಾವೇ ಹೇಳಿದೆವು ಎಂದರು.

ಅಪ್ಪ ಬಾಗಿಲು ತಳ್ಳಿದರು. ಬಟ್ಟೆ ಸರಿಸಿದರು. ನನಗೆ ನುಡಿಸು ಎಂದು ಕೈಸನ್ನೆ ಮಾಡಿದರು, ಅಥವಾ ನಾನೇ ಶುರು ಮಾಡಿದೆ. ಆಮೇಲೆ ಜನ ಬಂದು ಕಟಕಟೆಗೆ ಮೊಣಕಾಲೂರಿದರು. ಅಜ್ಜಿಗೆ ಮೊಣಕಾಲೂರಲು ಆಗಲಿಲ್ಲ; ಅಪ್ಪ ಕಟಕಟೆಯಿಂದ ಹೊರಗೆ ಬಂದು ಬೆಂಚಿನ ಬಳಿ ಹೋಗಿ ಬಾಯಿಗಿಟ್ಟರು. ಕೊನೆಯಲ್ಲಿ, ಎಂದಿನಂತೆ, ಹಾರ್ಮೋನಿಯಂ ನುಡಿಸುವವಳಿಗೆ. ಸಭಾಪಾಲಕರು ಬಂದಾಗಲೂ ನನಗೆ ಕೊನೆಯಲ್ಲೇ ಕೊಡುತ್ತಿದ್ದರು. ಅಪ್ಪ ತಟ್ಟೆ ಹಿಡಿದುಕೊಂಡು ಬಂದರು. ನಾನು ಎಡಗೈಯನ್ನು ತಿದಿಯಿಂದ ತೆಗೆದು, ಒಂದು ಚೌಕ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಹಿಂದಿನ ದಿನ ನಾನೇ ಹೆಚ್ಚಿದ್ದು. ಸ್ವಲ್ಪ ಒಣಗಿತ್ತು.

ಸಭಾಪಾಲಕರು ಹನ್ನೆರಡಕ್ಕೆ ಬಂದರು ಎಂದು ನಾನು ಮೊದಲೆಲ್ಲ ಹೇಳುತ್ತಿದ್ದೆ. ಕಥೆಗೆ ಅದು ಚೆನ್ನಾಗಿತ್ತು. ನಿಜವಾಗಿ ಅವರು ಆ ದಿನ ಬರಲೇ ಇಲ್ಲ. ಸ್ಕೂಟರು ಕೆಟ್ಟಿತ್ತಂತೆ.

ಇಲ್ಲಿಗೇ ಇದು ಮುಗಿಯಬಹುದಿತ್ತು. ಯಾರೂ ದೂರು ಕೊಡಲಿಲ್ಲ. ಅಂಥ ಸಭೆ ಅದಲ್ಲ. ಆದರೆ ಪ್ರತಿ ದೇವಾಲಯದಲ್ಲಿ ಒಂದು ಆರಾಧನಾ ರಿಜಿಸ್ಟರು ಇರುತ್ತದೆ. ತಾರೀಖು, ಓದಿದ ವಾಕ್ಯ, ಪ್ರಸಂಗ ಮಾಡಿದವರು, ಬಂದವರ ಸಂಖ್ಯೆ, ಭೋಜನ ತೆಗೆದುಕೊಂಡವರ ಸಂಖ್ಯೆ. ಕೊನೆಯ ಅಂಕಣ ಸಭಾಪಾಲಕರ ಸಹಿಗೆ. ತರಬೇತಿಗೆ ಹೋಗಿದ್ದ ಆರು ತಿಂಗಳು ಬಿಟ್ಟರೆ ಅಪ್ಪ ಹದಿನೆಂಟು ವರ್ಷದಿಂದ ಅದನ್ನು ಒಂದು ವಾರವೂ ಬಿಡದೆ ತುಂಬಿದ್ದರು. ಆ ಭಾನುವಾರವೂ, ಊಟಕ್ಕೆ ಕೂರುವ ಮೊದಲು, ನೀಲಿ ಶಾಯಿಯಲ್ಲಿ ತುಂಬಿದರು. ಕರ್ತನ ಭೋಜನ: ಇಪ್ಪತ್ತಾರು ಮಂದಿ.

ಬೇರೆ ಯಾರಾದರೂ ಆಗಿದ್ದರೆ ಒಂದು ಅಡ್ಡಗೆರೆ ಎಳೆದು ಸುಮ್ಮನಾಗುತ್ತಿದ್ದರು. ಅಮ್ಮ ಆಮೇಲೆ ವಾರಗಟ್ಟಲೆ ಇದನ್ನೇ ಹೇಳಿದಳು. ಮಾಡಿದ್ದು ಮಾಡಿದ್ರಿ, ಬರೆದದ್ದು ಯಾಕೆ? ಇಪ್ಪತ್ತಾರು ಜನ ತೆಗೆದುಕೊಂಡಿದ್ದರು, ಅಂಕಣ ಖಾಲಿ ಇತ್ತು. ಬರೆದರೆ ಏನಾಗುತ್ತದೆ ಎಂಬಲ್ಲಿಗೆ ಅಪ್ಪನ ತಲೆ ಹೋಗಿತ್ತೋ ಇಲ್ಲವೋ.

ಮುಂದಿನ ತಿಂಗಳು ಸಭಾಪಾಲಕರು ಬಂದು, ಬೆತ್ತದ ಕುರ್ಚಿಯಲ್ಲಿ ಕೂತು, ಒಂದೊಂದೇ ಸಾಲಿಗೆ ಸಹಿ ಹಾಕುತ್ತಾ ಬಂದರು. ಅಲ್ಲಿ ನಿಂತರು. ಕೋಪ ಮಾಡಿಕೊಳ್ಳಲಿಲ್ಲ. ಇದೇನು ಉಪದೇಶಿಗಳೇ ಎಂದು ಕೇಳಿದರು. ಅಪ್ಪ ನಡೆದದ್ದನ್ನು ಹೇಳಿದರು. ಸಹಿ ಹಾಕಿದರೆ ತಮ್ಮ ತಲೆಗೆ ಬರುತ್ತದೆ, ಹಾಕದಿದ್ದರೆ ಅಪ್ಪನ ತಲೆಗೆ. ಅವರು ರಿಜಿಸ್ಟರನ್ನು ಬ್ಯಾಗಿಗೆ ಹಾಕಿಕೊಂಡು ಹೋದರು. ಅಷ್ಟರಲ್ಲಿ ಅಜ್ಜಿ ತೀರಿಕೊಂಡು ಎರಡು ವಾರವಾಗಿತ್ತು. ಮಣ್ಣು ಮಾಡಿದ್ದು ಅಪ್ಪನೇ. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಸಭಾಪ್ರಾಂತದ ಕಚೇರಿಯಿಂದ ಕಾಗದ ಬಂದಾಗ ಅದು ಇಂಗ್ಲಿಷಿನಲ್ಲಿತ್ತು. ನನಗೆ ಅರ್ಥವಾಗುತ್ತಿತ್ತು, ಆದರೂ ಅಪ್ಪ ಅದನ್ನು ಎದುರುಮನೆಯವರ ಹತ್ತಿರ ಒಯ್ದರು. ಅವರು ಧಾರವಾಡದ ಕಡೆಯವರು, ಹೆಬ್ಬಾಳದ ಕೃಷಿ ಕಾಲೇಜಿನ ಕಚೇರಿಯಲ್ಲಿ ಹೆಡ್ ಕ್ಲರ್ಕು, ಹಣೆಗೆ ವಿಭೂತಿ ಹಚ್ಚದೆ ಹೊಸ್ತಿಲು ದಾಟದವರು. ಅಪ್ಪನಿಗೆ ಕೀರ್ತನೆ ಹೇಗೋ ಅವರಿಗೆ ಕಚೇರಿಯ ಕಾಗದ ಹಾಗೆ. ಎರಡು ಸಲ ಓದಿ, ಕನ್ನಡಕ ತೆಗೆದು, ಹೆಂಡತಿಗೆ ಚಾ ಮಾಡಲು ಹೇಳಿ, ನಮ್ಮ ಮೂವರನ್ನೂ ಕೂರಿಸಿದರು. ರೊಟ್ಟಿ ಹಂಚಿದ್ದಕ್ಕೆ ಎನ್ಕ್ವಾಯರಿ ಎಂಬುದು ಅವರಿಗೆ ವಿಚಿತ್ರ ಅನ್ನಿಸಿದಂತೆ ಕಾಣಲಿಲ್ಲ. ಅವರ ಕಚೇರಿಯಲ್ಲಿ ಒಬ್ಬ ಸಾಹೇಬನ ಕುರ್ಚಿಯ ಮೇಲೆ ಟವೆಲ್ ಹಾಕಿದ್ದಕ್ಕೆ ಎನ್ಕ್ವಾಯರಿ ಆಗಿತ್ತಂತೆ.

ಕಾಗದದಲ್ಲಿದ್ದದ್ದು ಇಷ್ಟು. ದೀಕ್ಷೆಯಾಗದವನು ಆ ಮಾತುಗಳನ್ನು ಹೇಳಿ ರೊಟ್ಟಿ ಮುರಿದಿದ್ದರೆ ಅದು ಅಪರಾಧ, ಕೆಲಸದಿಂದಲೂ ಪಟ್ಟಿಯಿಂದಲೂ ತೆಗೆಯಬಹುದು. ಮಾತುಗಳನ್ನು ಹೇಳದೆ, ಬರೀ ಪ್ರಾರ್ಥನೆ ಮಾಡಿ ಹಂಚಿದ್ದರೆ ಅದು ಪ್ರೀತಿಭೋಜನ, ಯಾರು ಬೇಕಾದರೂ ಮಾಡಬಹುದಾದದ್ದು. ಹಾಗಿದ್ದಲ್ಲಿ ರಿಜಿಸ್ಟರಿನಲ್ಲಿ ಬರೆದದ್ದು ಮಾತ್ರ ತಪ್ಪು. ಯಾವುದೆಂದು ತಿಳಿಯಲು ವಿಚಾರಣೆ.

ಎದುರುಮನೆಯವರು ಅಪ್ಪನನ್ನು ಕೇಳಿದರು, ಆ ಮಾತು ನೀವು ಅಂದ್ರೋ ಇಲ್ಲೋ? ಅಪ್ಪ ಕಾಗದ ಮಡಿಸುತ್ತಾ ಹೇಳಿದರು.

“ಗೊತ್ತಾಗ್ತಿಲ್ಲ. ಪ್ರಾರ್ಥನೆ ಮಾಡ್ದೆ. ಪ್ರಾರ್ಥನೇಲಿ ಏನೇನ್ ಬಂತೋ.”

ಅವರು ನಂಬಲಿಲ್ಲ ಅನ್ನಿಸುತ್ತದೆ. ಅಮ್ಮನೂ ನಂಬಲಿಲ್ಲ.

“ಉಪದೇಶಿಗೋಳ, ಎನ್ಕ್ವಾಯರಿ ಅಂದ್ರ ಖರೇ ಏನಂತ ಹುಡುಕೂದಲ್ರಿ. ಫೈಲು ಹ್ಯಾಂಗ ಮುಚ್ಚಬೇಕಂತ ಹುಡುಕೂದು. ಅವ್ರಿಗೂ ನಿಮ್ಮನ್ನ ತಗದು ಏನೂ ಆಗಬೇಕಾಗಿಲ್ಲ. ಅವ್ರಿಗೊಂದು ದಾರಿ ತೋರಸ್ರಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಭಾಳ ಹತ್ತರ ಇದ್ದಾಕಿ ನೀನಽ ಹೌದಲ್ಲೊ? ಪೆಟಗಿ ಬಾರಸಾಕತ್ತಿದ್ದೆ. ಪೆಟಗಿ ಸಪ್ಪಳದಾಗ ಏನ ಕೇಳಸ್ತದ?”

ಅಮ್ಮ ನನ್ನನ್ನು ನೋಡಿದಳು. ಅಪ್ಪ ನೋಡಲಿಲ್ಲ. ವಾಪಸು ಬರುವಾಗ ರಸ್ತೆ ದಾಟುವ ಮೊದಲು ಅಪ್ಪ ಹೇಳಿದ್ದು ಒಂದೇ ಮಾತು, ಕೇಳಿಸಿದ್ದನ್ನು ಹೇಳು. ಅಮ್ಮ ಹಿಂದಿನಿಂದ, ಕೇಳಿಸದೇ ಇದ್ದದ್ದನ್ನ ಹೇಳಬೇಡ ಎಂದು ಸೇರಿಸಿದಳು.

ವಿಚಾರಣೆ ತಾಯಿಸಭೆಯ ಹಿಂದಿನ ಹಾಲಿನಲ್ಲಿ. ಉದ್ದ ಮೇಜು, ಮೂವರು. ನಡುವೆ ಒಬ್ಬ ಹಿರಿಯ ಸಭಾಪಾಲಕರು. ಎಡಕ್ಕೆ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅವರೇ ಬರೆದುಕೊಳ್ಳುತ್ತಿದ್ದರು. ಬಲಕ್ಕೆ ಸ್ತ್ರೀಸಂಘದ ಅಧ್ಯಕ್ಷೆ. ಸಭೆಯ ನಾಲ್ಕೈದು ಜನರನ್ನು ನನಗಿಂತ ಮೊದಲು ಕರೆದಿದ್ದರು. ಅವರಲ್ಲಿ ಒಬ್ಬರು ಮಾತು ಕೇಳಿಸಿತು ಎಂದರಂತೆ, ಒಬ್ಬರು ಇಲ್ಲ ಎಂದರಂತೆ, ಉಳಿದವರು ನಾವು ಕಣ್ಣು ಮುಚ್ಚಿದ್ದೆವು ಎಂದರಂತೆ, ಕಣ್ಣಿನಿಂದಲೇ ಕೇಳಿಸಿಕೊಳ್ಳುವವರಂತೆ. ಅಜ್ಜಿಯ ಮನೆಯವರನ್ನು ಕರೆದಿರಲಿಲ್ಲ. ಸಾವಿನ ಮನೆ ಎಂದು ಬಿಟ್ಟಿದ್ದರು.

ನನಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ನಿವೃತ್ತರು ಕೇಳಿದರು, ನೀನು ಮೇಜಿನಿಂದ ಎಷ್ಟು ದೂರವಿದ್ದೆ? ಆರೇಳು ಅಡಿ. ನಿನ್ನ ತಂದೆ ರೊಟ್ಟಿಯ ಮೇಲೆ ಕೈಯಿಟ್ಟರೇ? ನಾನು ನೋಡಲಿಲ್ಲ, ಕಂಬ ಇತ್ತು. ಇದು ನಿಜ. ಮಾತುಗಳನ್ನು ಹೇಳಿದರೇ?

“ಹಾರ್ಮೋನಿಯಂ ನುಡಿಸ್ತಿದ್ದೆ. ಕೇಳಿಸ್ಲಿಲ್ಲ.”

ಅವರು ಬರೆದುಕೊಂಡರು. ಪೆನ್ನಿನ ಸದ್ದು. ಅಷ್ಟಕ್ಕೇ ಬಿಡುತ್ತಿದ್ದರು. ಸ್ತ್ರೀಸಂಘದ ಅಧ್ಯಕ್ಷೆ ಮಾತ್ರ ಮುಂದಕ್ಕೆ ಬಾಗಿ, ಮೆಲ್ಲಗೆ, ನಮ್ಮ ಮನೆಗೆ ಬಂದಾಗ ಉಪ್ಪಿನಕಾಯಿ ಹೇಗೆ ಹಾಕುತ್ತೀರಿ ಎಂದು ಕೇಳುವ ದನಿಯಲ್ಲೇ ಕೇಳಿದರು.

“ನೀನೂ ತಗೊಂಡ್ಯಾ ಮಗಳೇ?”

“ತಗೊಂಡೆ.”

“ಏನಂತ ತಗೊಂಡೆ?”

“ಅಪ್ಪ ತಂದ್ರು. ತಗೊಂಡೆ.”

ಅವರು ಮತ್ತೆ ಒರಗಿ ಕೂತರು. ಅದನ್ನು ಬರೆದುಕೊಳ್ಳಲಿಲ್ಲ. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಭಯವಾಗಲಿ ಸಮಾಧಾನವಾಗಲಿ ಇರಲಿಲ್ಲ. ಅಲ್ಪವಿರಾಮ, ಪೂರ್ಣವಿರಾಮ ಹಾಕಬೇಕಾದ ಮಕ್ಕಳ ನೋಟ್‌ಬುಕ್ಕುಗಳು ಚೀಲದಲ್ಲಿದ್ದವು. ಕಟ್ಟೆಯ ಮೇಲೆ ಕೂತು ಹಾಕಿದೆ.

ನಾನು ಸುಳ್ಳು ಹೇಳಿದೆನೇ? ಇದಕ್ಕೆ ನನ್ನ ಹತ್ತಿರ ಇರುವ ಸಾಕ್ಷ್ಯ ಕೆಟ್ಟುಹೋಗಿದೆ. ಕೀರ್ತನೆಯ ಒಂದು ಚರಣಕ್ಕೂ ಇನ್ನೊಂದಕ್ಕೂ ನಡುವೆ ನಾನು ಬೆರಳೆತ್ತುತ್ತಿದ್ದೆ. ಆ ಬಿಡುವಿನಲ್ಲಿ ಅಪ್ಪನ ದನಿ, ಆ ಮಾತುಗಳು, ಒಂದೊಂದು ಅಕ್ಷರವೂ ನನಗೆ ಈಗ ಕೇಳಿಸುತ್ತದೆ. ಆದರೆ ಮುಂದಿನ ಹತ್ತು ವರ್ಷ ಅದೇ ಮಾತುಗಳನ್ನು, ಅದೇ ದನಿಯಲ್ಲಿ, ಅಪ್ಪ ಅಧಿಕಾರವಿದ್ದೇ ಹೇಳುವುದನ್ನು ನಾನು ನೂರಕ್ಕೂ ಹೆಚ್ಚು ಸಲ ಕೇಳಿದ್ದೇನೆ. ಆ ನೂರರಲ್ಲಿ ಒಂದು ಜಾರಿ ಹಿಂದಕ್ಕೆ ಬಂದು ಆ ಭಾನುವಾರದ ಬಿಡುವಿನಲ್ಲಿ ಕೂತಿರಬಹುದು. ಹಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದಾಗ ನನಗೆ ನಿಜವಾಗಿ ಏನು ನೆನಪಿತ್ತು ಎಂಬುದು ಈಗ ನೆನಪಿಲ್ಲ. ಎದುರುಮನೆಯವರು ಹೇಳಿಕೊಟ್ಟ ವಾಕ್ಯ ಮಾತ್ರ ನೆನಪಿತ್ತು.

ತೀರ್ಮಾನ ಒಂದು ತಿಂಗಳಲ್ಲಿ ಬಂತು. ಕನ್ನಡದಲ್ಲೇ ಬಂತು, ಯಾಕೆಂದರೆ ಅದನ್ನು ಸಭೆಯ ಎದುರು ಓದಬೇಕಿತ್ತು. ಆ ದಿನ ಕರ್ತನ ಭೋಜನ ನಡೆದಿಲ್ಲ. ಹಂಚಿದ್ದು ಪ್ರೀತಿಭೋಜನದ ರೊಟ್ಟಿ. ರಿಜಿಸ್ಟರಿನಲ್ಲಿ ಕೈತಪ್ಪಿನಿಂದ ಬರೆದದ್ದನ್ನು ಉಪದೇಶಿಗಳೇ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡತಕ್ಕದ್ದು. ಪಟ್ಟಿಯಲ್ಲಿ ಅವರ ಹೆಸರು ಹಾಗೇ ಇರತಕ್ಕದ್ದು.

ಅಮ್ಮ ಆ ಕೊನೆಯ ಸಾಲನ್ನು ನನ್ನಿಂದ ಎರಡು ಸಲ ಓದಿಸಿದಳು. ಅಪ್ಪ ಕೇಳಿಸಿಕೊಂಡು ಹೊರಗೆ ಹೋಗಿ ಸೈಕಲ್ ಚೈನಿಗೆ ಎಣ್ಣೆ ಬಿಟ್ಟರು. ಸಹಿ ಹಾಕುವುದಿಲ್ಲ ಎನ್ನುತ್ತಾರೋ ಎಂದು ಅಮ್ಮ ಎರಡು ದಿನ ಹೆದರಿದ್ದಳು. ಶನಿವಾರ ಸಭಾಪಾಲಕರು ರಿಜಿಸ್ಟರು ತಂದರು. ಅಪ್ಪ ನನ್ನ ಶಾಲೆಯ ಅಡಿಕೋಲು ಕೇಳಿದರು. ಇಪ್ಪತ್ತಾರು ಮಂದಿ ಎಂಬುದರ ಮೇಲೆ ಅಡಿಕೋಲಿಟ್ಟು ನೇರವಾದ ಗೆರೆ ಎಳೆದು, ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕಿದರು. ಸಭಾಪಾಲಕರು ಅದರ ಮುಂದೆ ತಮ್ಮದನ್ನು ಹಾಕಿ, ದೊಡ್ಡ ಉಸಿರು ಬಿಟ್ಟು, ಅಕ್ಕ ಕಾಫಿ ಕೊಡಿ ಎಂದರು.

ಭಾನುವಾರ ಅಪ್ಪ ಕಟಕಟೆಯ ಈಚೆಗೆ ನಿಂತು ತೀರ್ಮಾನವನ್ನು ಓದಿದರು. ಪ್ರಕಟಣೆಗಳ ಜೊತೆಗೇ ಓದಿದರು, ಬುಧವಾರದ ಕೂಟ ಯಾರ ಮನೆಯಲ್ಲಿ ಎಂಬುದಾದ ಮೇಲೆ. ಅಪ್ಪನ ಕೆಲಸ ಉಳಿಯಿತು ಎಂದು ಹಲವರಿಗೆ ಸಂತೋಷವೇ ಆಗಿತ್ತು, ಆರಾಧನೆ ಮುಗಿದ ಮೇಲೆ ಬಂದು ಕೈ ಹಿಡಿದರು. ಎಲ್ಲರೂ ಹೋಗುವ ತನಕ ಅಜ್ಜಿಯ ಸೊಸೆ ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಾ ನಿಂತಿದ್ದಳು. ಗಂಡ ಸೈಕಲ್ ಹಿಡಿದು ದೂರದಲ್ಲಿದ್ದ. ನಾನು ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸುತ್ತಿದ್ದೆ. ಈಗ ಬರೆಯುವ ಮಾತು ನನಗೆ ಚೆನ್ನಾಗಿ ಕೇಳಿಸಿತು.

“ಅಂಗಾರೆ ಆವತ್ತು ನಮ್ಮತ್ತೆ ತಿಂದಿದ್ದೇನು ಅಯ್ಯಾ?”

ಅವಳು ಜಗಳಕ್ಕೆ ಬಂದಿರಲಿಲ್ಲ. ಓದಿದ್ದು ಪೂರ್ತಿ ಅರ್ಥವಾಗಿಲ್ಲ, ತಿಳಿದವರನ್ನು ಕೇಳೋಣ ಎಂದು ಕೇಳಿದಂತಿತ್ತು. ಅಪ್ಪನಿಗೆ ಸಾಂತ್ವನದ ಮಾತು ಹೇಳುವುದೇ ಹದಿನೆಂಟು ವರ್ಷದ ಕಸುಬು. ದೇವರು ಹೃದಯ ನೋಡುತ್ತಾನೆ ಎನ್ನಬಹುದಿತ್ತು. ಅಜ್ಜಿಯ ನಂಬಿಕೆ ದೊಡ್ಡದು ಎನ್ನಬಹುದಿತ್ತು. ನಾನೇ ಒಳಗೊಳಗೇ ಅಂಥ ನಾಲ್ಕು ವಾಕ್ಯ ಕಟ್ಟಿದೆ.

“ಬ್ರೆಡ್ಡಮ್ಮ,” ಎಂದರು ಅಪ್ಪ.

ಅವಳು ಚಪ್ಪಲಿ ಹಾಕಿಕೊಂಡಳು. ಆಮೇಲೆ, “ಆಯ್ತು ಬುಡಿ,” ಎಂದು ಹೋದಳು. ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂತು ಹೋದಳು.

ಮುಂದಿನ ವರ್ಷ ಅಪ್ಪನಿಗೆ ದೀಕ್ಷೆಯಾಯಿತು. ನಗರದ ದೊಡ್ಡ ದೇವಾಲಯದಲ್ಲಿ, ಆರು ಜನ ಹುಡುಗರ ಜೊತೆ. ಅಪ್ಪ ಸಾಲಿನ ಕೊನೆಗಿದ್ದರು. ಬಿಷಪ್ಪರು ಕೈಯಿಟ್ಟಾಗ ಅಮ್ಮ ಅತ್ತಳು. ಟೈ ಕಟ್ಟಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಿದ್ದ ಎದುರುಮನೆಯವರು ನನ್ನ ಕಿವಿಯ ಹತ್ತಿರ, “ನೋಡವಾ, ಕನ್ಫರ್ಮ್ ಆತು,” ಎಂದರು. ಅಪ್ಪ ಎದ್ದು ತಿರುಗಿದರು. ಬಿಳಿ ನಿಲುವಂಗಿ ಉದ್ದವಾಗಿತ್ತು, ಅಮ್ಮ ಅಂಚು ಮಡಿಸಿ ಹೊಲಿದಿದ್ದಳು. ಅವರ ಮುಖದಲ್ಲಿ ಏನಿತ್ತು ಎಂದು ಬರೆಯಬೇಕಾದ ಜಾಗ ಇದು. ನಾನು ಹೊಲಿಗೆ ಬಿಚ್ಚಿದೆಯೇ ಎಂದು ನೋಡುತ್ತಿದ್ದೆ.

ಅಪ್ಪನನ್ನು ಆರ್.ಟಿ. ನಗರದ ಕಡೆಯ ಒಂದು ಸಭೆಗೆ ಹಾಕಿದರು. ನಾವು ಲಾರಿಯಲ್ಲಿ ಸಾಮಾನು ತುಂಬಿಕೊಂಡು ಹೊರಟೆವು. ಜಕ್ಕೂರಿನ ಆ ಮನೆಯವರು ಅಷ್ಟರಲ್ಲಿ ನಮ್ಮ ಸಭೆ ಬಿಟ್ಟಿದ್ದರು. ಆಗ ಹೊಸದಾಗಿ ಬಂದಿದ್ದ ಒಂದು ಮಿಷನ್ ಗುಂಪು ಮನೆಮನೆಗಳಲ್ಲಿ ಕೂಟ ನಡೆಸುತ್ತಿತ್ತು. ಬಿಷಪ್ಪರಿಲ್ಲ, ಪಟ್ಟಿಯಿಲ್ಲ, ಕಟಕಟೆಯಿಲ್ಲ. ಕೆರೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಿದ್ದರು. ಭಾನುವಾರ ಅಲ್ಲಿ ಕೂತವರಲ್ಲಿ ಯಾರು ಬೇಕಾದರೂ ರೊಟ್ಟಿ ಮುರಿಯಬಹುದಿತ್ತು. ಅಜ್ಜಿಯ ಮಗನೇ ಮುರಿಯುತ್ತಾನೆ ಎಂದು ಯಾರೋ ಬಂದು ಹೇಳಿದರು. ಅಪ್ಪ, ಹೌದಾ ಎಂದರು. ಆಮೇಲೆ, ಚೆನ್ನಾಗಿ ಮಾಡ್ತಾನಾ ಎಂದು ಕೇಳಿದರು. ಹೇಳಿದವರಿಗೆ ಗೊತ್ತಿರಲಿಲ್ಲ.

ಹೊಸ ಮನೆಯ ಅಡಿಗೆಮನೆಯೊಳಗೇ ನಲ್ಲಿ ಇತ್ತು. ಬಂದವರು ಅಮ್ಮನನ್ನು ಅಮ್ಮನವರೇ ಎನ್ನುತ್ತಿದ್ದರು. ಒಂದು ವಾರದೊಳಗೆ ಅದು ಅವಳಿಗೆ ಅಭ್ಯಾಸವಾಗಿತ್ತು. ಮೊದಲ ಭಾನುವಾರದ ಹಿಂದಿನ ಸಾಯಂಕಾಲ ನಾನು ಮೇಜಿನ ಬಳಿ ನಿಂತು ಬ್ರೆಡ್ಡು ಹೆಚ್ಚುತ್ತಿದ್ದೆ. ಅಲ್ಲಿಯ ಉಪದೇಶಿಯ ಹೆಂಡತಿ ಮಾಡಬೇಕಾದ ಕೆಲಸ ಅದು. ಅವರಿಗೆ ಜ್ವರವಿತ್ತು, ಅದಕ್ಕೆ ನಾನು. ಅಪ್ಪ ಒಳಗೆ ಬಂದು ನೀರು ಕುಡಿದು, ಲೋಟ ತೊಳೆದಿಟ್ಟು, ಹೋಗದೆ ನಿಂತರು.

“ಆವತ್ತು ನಿಂಗೆ ನಿಜವಾಗ್ಲೂ ಕೇಳಿಸ್ಲಿಲ್ವಾ?”

ಅವರು ನನ್ನನ್ನು ಪರೀಕ್ಷಿಸುತ್ತಿರಲಿಲ್ಲ. ಅವರಿಗೆ ತಿಳಿಯಬೇಕಾಗಿತ್ತು. ಹೇಳಿದರೋ ಇಲ್ಲವೋ ಎಂಬುದು ಅವರಿಗೂ ಗೊತ್ತಿರಲಿಲ್ಲ ಎಂದು ನಾನು ನಂಬಿದ್ದು ಆಗ. ಕೇಳಿಸಿತು ಎಂದು ನಾನು ಹೇಳಿದ್ದರೆ ಅಜ್ಜಿ ತಿಂದದ್ದು ಅಜ್ಜಿಗೆ ವಾಪಸು ಸಿಗುತ್ತಿತ್ತು, ಅಪ್ಪನ ನಿಲುವಂಗಿ ಸುಳ್ಳಿನ ಮೇಲೆ ಬಂದದ್ದಾಗುತ್ತಿತ್ತು. ಇದನ್ನು ನಾನು ಆಗಲೇ ಯೋಚಿಸಿದೆ ಎಂದು ಬರೆದರೆ ಅದು ಈಗಿನ ಯೋಚನೆ. ಆಗ ಕೈಯಲ್ಲಿ ಚಾಕು ಇತ್ತು, ಹೆಚ್ಚುವುದು ಇನ್ನೂ ಅರ್ಧ ಬಾಕಿ ಇತ್ತು.

“ಇಲ್ಲಪ್ಪ,” ಎಂದೆ.

“ಸರಿ,” ಎಂದರು. ಕತ್ತರಿಸಿಟ್ಟ ಚೌಕಗಳನ್ನು ನೋಡಿದರು. ಇಲ್ಲಿ ಜನ ಜಾಸ್ತಿ, ಇನ್ನೂ ಸಣ್ಣದಾಗಿ ಹೆಚ್ಚು ಎಂದು ಹೇಳಿ, ನಾಳೆಯ ಪ್ರಸಂಗ ಬರೆಯಲು ಹೋದರು.